ಹೊಗೆಯನಿಲದ ಪಾದರಸವನ್ನು ವೆಟ್ ಸ್ಕ್ರಬ್ಬರಿನಲ್ಲಿ ಹಿಡಿದಿಡುವುದು ಹೇಗೆ: ಕಲ್ಲಿದ್ದಲು ಸ್ಥಾವರಗಳಿಗೆ ಸಮಗ್ರ ಮಾರ್ಗದರ್ಶಿ

ಒಂದು ಟನ್ ಕಲ್ಲಿದ್ದಲಿನಲ್ಲಿರುವ ಪಾದರಸ ಸಾಮಾನ್ಯವಾಗಿ ಒಂದು ಗ್ರಾಮಿನ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಲೆಕ್ಕಕ್ಕೇ ಬಾರದ ಪ್ರಮಾಣ ಎನ್ನಿಸಬಹುದು. ಆದರೆ 500 ಮೆಗಾವ್ಯಾಟಿನ ಒಂದು ಘಟಕ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 325 ಟನ್ ಭಾರತೀಯ ಕಲ್ಲಿದ್ದಲನ್ನು ಸುಡುತ್ತದೆ. ಅಂದರೆ ಗಂಟೆಗೆ 32 ಗ್ರಾಮಿಗೂ ಹೆಚ್ಚು, ದಿನವೊಂದಕ್ಕೆ ಮುಕ್ಕಾಲು ಕಿಲೋ ಮೀರಿದ ಪಾದರಸ ಆ ಬಾಯ್ಲರಿನ ಮೂಲಕ ಹಾದುಹೋಗುತ್ತದೆ. ಈ ಲೋಹ ಒಲೆಯಲ್ಲಿ ಸುಟ್ಟು ನಾಶವಾಗುವಂಥದ್ದಲ್ಲ. ಚಿಮಣಿಯಿಂದ ಹೊರಟದ್ದು ಗಾಳಿಯಲ್ಲಿ ದೂರ ಸಾಗಿ, ಕೆರೆ ಹೊಳೆಗಳ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಮೀಥೈಲ್ ಪಾದರಸವಾಗಿ, ಮೀನಿನ ಮೂಲಕ ಮನುಷ್ಯನ ನರಮಂಡಲವನ್ನು ಸೇರುತ್ತದೆ. ಈ ವಿಷ ಎಂಥದ್ದೆಂಬುದನ್ನು ಜಪಾನಿನ ಮಿನಮಾಟ ಊರು 1956ರಲ್ಲಿ ಜಗತ್ತಿಗೆ ತೋರಿಸಿತು. ಆ ಊರಿನ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು, 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು.

ಸುಣ್ಣಕಲ್ಲಿನ ವೆಟ್ ಸ್ಕ್ರಬ್ಬರ್, ಅಂದರೆ ಸ್ಥಾವರಗಳಲ್ಲಿ ಎಲ್ಲರೂ ಎಫ್‌ಜಿಡಿ ಎಂದು ಕರೆಯುವ ಘಟಕ, ಇರುವ ಕಡೆ ಕೆಲಸ ಮಾಡುವ ಕೆಮಿಸ್ಟರು, ಪಾಳಿ ಎಂಜಿನಿಯರುಗಳು ಮತ್ತು ಪರಿಸರ ವಿಭಾಗದವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಹೊಗೆಯನಿಲದ ಮೇಲೆ ಸ್ಲರಿಯನ್ನು, ಅಂದರೆ ಸುಣ್ಣಕಲ್ಲಿನ ಪುಡಿ ಕಲಸಿದ ನೀರನ್ನು, ಸುರಿದು ತೊಳೆಯುವ ಈ ಗೋಪುರವನ್ನು ಕಟ್ಟುವುದು ಗಂಧಕದ ಡೈಆಕ್ಸೈಡನ್ನು ತೆಗೆಯಲು. ಆದರೆ ಅದೇ ಗೋಪುರದಿಂದ, ಹೊಸ ಯಂತ್ರವೊಂದನ್ನು ನಿಲ್ಲಿಸದೆಯೇ, ಪಾದರಸದ ದೊಡ್ಡ ಪಾಲನ್ನೂ ಹಿಡಿಯಲು ಸಾಧ್ಯ. ಅದಕ್ಕೆ ಬೇಕಾದದ್ದು ರಸಾಯನಶಾಸ್ತ್ರದ ತಿಳಿವಳಿಕೆ ಮತ್ತು ದಿನನಿತ್ಯದ ಎಚ್ಚರ.

ಮಿತಿಯ ಬಗ್ಗೆ ಮೊದಲೇ ಒಂದು ಮಾತು

ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಹೊರಡಿಸಿದ ಅಧಿಸೂಚನೆ ಉಷ್ಣ ಸ್ಥಾವರಗಳ ಪಾದರಸಕ್ಕೆ ಪ್ರಮಾಣಿತ ಉಷ್ಣತೆ ಮತ್ತು ಒತ್ತಡಕ್ಕೆ ಹೊಂದಿಸಿದ ಪ್ರತಿ ಘನ ಮೀಟರ್ ಹೊಗೆಯನಿಲಕ್ಕೆ 0.03 ಮಿಲಿಗ್ರಾಂ, ಅಂದರೆ 30 ಮೈಕ್ರೊಗ್ರಾಂ ಮಿತಿಯನ್ನು ವಿಧಿಸಿತು. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಒಂದು ಕಿಲೋ ಭಾರತೀಯ ಕಲ್ಲಿದ್ದಲಿನಿಂದ ಅಂದಾಜು 5.5 ಘನ ಮೀಟರ್ ಒಣ ಹೊಗೆಯನಿಲ ಬರುತ್ತದೆಂದು ಹಿಡಿದರೆ, ಟನ್ನಿಗೆ 0.1 ಗ್ರಾಂ ಪಾದರಸವಿರುವ ಕಲ್ಲಿದ್ದಲು ಯಾವ ನಿಯಂತ್ರಣವೂ ಇಲ್ಲದೆ 18 ಮೈಕ್ರೊಗ್ರಾಮಿನ ಸುತ್ತಮುತ್ತ ನಿಲ್ಲುತ್ತದೆ. ಏನೂ ಮಾಡದೆಯೇ ಪಾಲಿಸಬಹುದಾದ ಮಿತಿಯನ್ನು ಗುರಿಯೆಂದು ಭಾವಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯುರೋಪಿನ ಒಕ್ಕೂಟ 2017ರಲ್ಲಿ ದೊಡ್ಡ ಹಳೆಯ ಕಲ್ಲಿದ್ದಲು ಘಟಕಗಳಿಗೆ ಒಂದಕ್ಕಿಂತ ಕಡಿಮೆಯಿಂದ ನಾಲ್ಕು ಮೈಕ್ರೊಗ್ರಾಂ ವರೆಗಿನ ಮಟ್ಟವನ್ನು ನಿಗದಿ ಮಾಡಿತು. ಲಿಗ್ನೈಟ್ ಅಲ್ಲದ ಕಲ್ಲಿದ್ದಲಿಗೆ ಅಮೆರಿಕ ವಿಧಿಸಿದ ಮಿತಿಯೂ ಇದೇ ಲೆಕ್ಕಕ್ಕೆ ತಂದಾಗ ಎರಡು ಮೈಕ್ರೊಗ್ರಾಮಿನ ಒಳಗೇ ಬರುತ್ತದೆ. ನಮ್ಮಲ್ಲಿ 2025ರ ಜುಲೈನಲ್ಲಿ ಗಂಧಕದ ಮಿತಿಯಿಂದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿರುವುದರಿಂದ ಅನೇಕ ಕಡೆ ಸ್ಕ್ರಬ್ಬರ್ ಬರುವುದೇ ಇಲ್ಲ. ಹಾಗಿರುವಾಗ, ಈಗಾಗಲೇ ಸ್ಕ್ರಬ್ಬರ್ ನಿಂತಿರುವ ಕಡೆಯಾದರೂ ಅದರಿಂದ ಸಿಗಬಹುದಾದ ಪೂರ್ಣ ಪ್ರಯೋಜನವನ್ನು ಪಡೆಯಬೇಕು.

ಸ್ಕ್ರಬ್ಬರ್ ಹಿಡಿಯುವುದು ಯಾವ ಪಾದರಸವನ್ನು

ಕುಲುಮೆಯ ಕಡುಬಿಸಿಯಲ್ಲಿ ಕಲ್ಲಿದ್ದಲಿನ ಪಾದರಸವೆಲ್ಲ ಧಾತುರೂಪದ ಆವಿಯಾಗುತ್ತದೆ. ಅನಿಲ ತನ್ನ ಶಾಖವನ್ನು ನೀರಿಗೂ ಗಾಳಿಗೂ ಬಿಟ್ಟುಕೊಡುವ ಇಕನಾಮೈಸರ್ ಮತ್ತು ಏರ್ ಪ್ರಿಹೀಟರ್ ದಾಟುತ್ತ ತಣ್ಣಗಾದಂತೆ ಅದರಲ್ಲೊಂದು ಪಾಲು ಕ್ಲೋರಿನ್ ಅಥವಾ ಬ್ರೋಮಿನ್ ಜೊತೆ ಸೇರಿ ಉತ್ಕರ್ಷಣಗೊಳ್ಳುತ್ತದೆ, ಮತ್ತೊಂದು ಪಾಲು ಹಾರುಬೂದಿಯ ಕಣಗಳಿಗೆ, ಅದರಲ್ಲೂ ಸುಡದೆ ಉಳಿದ ಇಂಗಾಲಕ್ಕೆ, ಅಂಟಿಕೊಳ್ಳುತ್ತದೆ. ಹೀಗೆ ಸ್ಕ್ರಬ್ಬರಿನ ಬಾಗಿಲಿಗೆ ಬರುವ ಹೊತ್ತಿಗೆ ಪಾದರಸ ಮೂರು ವೇಷಗಳಲ್ಲಿರುತ್ತದೆ: ಧಾತುರೂಪ, ಉತ್ಕರ್ಷಿತ ರೂಪ ಮತ್ತು ಕಣಬದ್ಧ ರೂಪ. ಕಣಬದ್ಧವಾದದ್ದರ ಬಹುಪಾಲನ್ನು ಇಎಸ್‌ಪಿ, ಅಂದರೆ ವಿದ್ಯುದಾವೇಶದಿಂದ ಬೂದಿಯನ್ನು ಸೆಳೆದು ಹಿಡಿಯುವ ಯಂತ್ರ, ಬೂದಿಯೊಂದಿಗೆ ಮೊದಲೇ ತೆಗೆದಿರುತ್ತದೆ. ಉತ್ಕರ್ಷಿತ ರೂಪದಲ್ಲಿ ಮುಖ್ಯವಾದ ಮರ್ಕ್ಯುರಿಕ್ ಕ್ಲೋರೈಡ್ ಕೋಣೆಯ ಉಷ್ಣತೆಯಲ್ಲಿ ಲೀಟರ್ ನೀರಿಗೆ ಸುಮಾರು 70 ಗ್ರಾಮಿನಷ್ಟು ಕರಗುತ್ತದೆ. ಧಾತುರೂಪದ ಪಾದರಸವಾದರೋ ಲೀಟರಿಗೆ ಹತ್ತಾರು ಮೈಕ್ರೊಗ್ರಾಮಿನಷ್ಟು ಮಾತ್ರ ಕರಗುತ್ತದೆ. ಎರಡರ ನಡುವಿನ ಅಂತರ ಹತ್ತು ಲಕ್ಷ ಪಟ್ಟಿಗೂ ಮೀರಿದ್ದು.

ಮುಂದಿನ ಎಲ್ಲ ಹಂತಗಳೂ ಈ ಒಂದು ಅಂತರದಿಂದಲೇ ಹುಟ್ಟುತ್ತವೆ. ಸುಣ್ಣದ ಸ್ಲರಿ ಉತ್ಕರ್ಷಿತ ಪಾದರಸದ ಶೇ 90ರಷ್ಟನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚನ್ನು ಹಿಡಿಯಬಲ್ಲದು. ಧಾತುರೂಪದ್ದು ಅದರ ಕೈಗೆ ಸಿಗದೆ ನೇರವಾಗಿ ಚಿಮಣಿಗೆ ಹೋಗುತ್ತದೆ. ಆದ್ದರಿಂದ ಸ್ಕ್ರಬ್ಬರಿಗೆ ಮುಂಚೆ ಪಾದರಸವನ್ನು ಉತ್ಕರ್ಷಿಸುವುದು, ಸ್ಕ್ರಬ್ಬರಿನೊಳಗೆ ಅದು ಮತ್ತೆ ಧಾತುರೂಪಕ್ಕೆ ತಿರುಗದಂತೆ ಕಾಯುವುದು, ಹಿಡಿದದ್ದು ಎಲ್ಲಿಗೆ ಹೋಯಿತೆಂದು ಕೊನೆಯ ಗ್ರಾಮಿನ ತನಕ ಬೆನ್ನುಹತ್ತುವುದು, ಇಷ್ಟೇ ಕೆಲಸ. ಗೋಪುರದ ಒಳಗಿನ ತುಂತುರು ಇವುಗಳಲ್ಲಿ ಅತ್ಯಂತ ಸುಲಭದ ಭಾಗ.

ಒಂದನೆಯ ಹಂತ: ಕಲ್ಲಿದ್ದಲನ್ನು ಅರಿಯಿರಿ

ಪಾದರಸ, ಕ್ಲೋರಿನ್, ಬ್ರೋಮಿನ್, ಗಂಧಕ, ಬೂದಿ ಈ ಐದನ್ನೂ ಪ್ರತಿ ಗಣಿಯ ಕಲ್ಲಿದ್ದಲಿಗೆ ಪ್ರತ್ಯೇಕವಾಗಿ ಅಳೆಯಿಸಿ. ಭಾರತೀಯ ಕಲ್ಲಿದ್ದಲಿನಲ್ಲಿ ಗಂಧಕ ಸುಮಾರು ಶೇ 0.5ರಷ್ಟೇ ಇದ್ದು, ಬೂದಿ ಶೇ 35ರಿಂದ 45ರ ತನಕ ಇರುತ್ತದೆ, ಕ್ಲೋರಿನ್ ಸಾಮಾನ್ಯವಾಗಿ ಕಡಿಮೆ. ಅಮೆರಿಕದ ಪೂರ್ವಭಾಗದ ಹೆಚ್ಚು ಕ್ಲೋರಿನ್ನಿನ ಕಲ್ಲಿದ್ದಲಿನ ಅನುಭವವನ್ನು ಹಾಗೆಯೇ ಇಲ್ಲಿಗೆ ತಂದರೆ ಎಡವುವುದು ಇಲ್ಲಿಯೇ. ಅಲ್ಲಿ ತಾನಾಗಿ ಆಗುವ ಉತ್ಕರ್ಷಣ ನಮ್ಮಲ್ಲಿ ಆಗುವುದಿಲ್ಲ.

ಮಾದರಿಯನ್ನು ಯಾರ್ಡಿನ ರಾಶಿಯಿಂದಲ್ಲ, ಬಂಕರಿಗೆ ಹೋಗುವ ಬೆಲ್ಟಿನಿಂದ, ಪಾಳಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು. ಪಾದರಸ ಹೆಚ್ಚಾಗಿ ಪೈರೈಟ್ ಖನಿಜದೊಂದಿಗೆ ಸೇರಿಕೊಂಡಿರುವುದರಿಂದ ಒಂದು ಹೆಂಟೆಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿರುತ್ತದೆ. ಮಾದರಿಯನ್ನು ಹೆಚ್ಚು ಕಾಯಿಸಿ ಒಣಗಿಸಿದರೆ ಪಾದರಸ ಹಾರಿಹೋಗುತ್ತದೆ, ನೆರಳಿನಲ್ಲಿ ಗಾಳಿಗೆ ಒಣಗಿಸುವುದೇ ಸರಿ. ಸ್ಕ್ರಬ್ಬರಿಗೆ ಬಳಸುವ ಸುಣ್ಣಕಲ್ಲಿನ ಪುಡಿಯನ್ನೂ ಒಮ್ಮೆ ಪರೀಕ್ಷಿಸಿ. ಅದರಲ್ಲಿಯೂ ಲೇಶಮಾತ್ರ ಪಾದರಸ ಇರುತ್ತದೆ, ಜೊತೆಗೆ ಮುಂದೆ ತೊಂದರೆ ಕೊಡಬಲ್ಲ ಕಬ್ಬಿಣ ಮತ್ತು ಮ್ಯಾಂಗನೀಸ್ ಇರುತ್ತವೆ.

ಎರಡನೆಯ ಹಂತ: ಸ್ಕ್ರಬ್ಬರಿನ ಎರಡೂ ಬದಿಯಲ್ಲಿ ಅಳೆಯಿರಿ

ಚಿಮಣಿಯಲ್ಲಿ ಮಾತ್ರ ಒಟ್ಟು ಪಾದರಸವನ್ನು ಅಳೆದರೆ ನಿಯಂತ್ರಣ ಮಂಡಳಿಗೆ ವರದಿ ಕಳುಹಿಸಬಹುದೇ ಹೊರತು ಸ್ಕ್ರಬ್ಬರಿನೊಳಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಒಳಹರಿವು ಮತ್ತು ಹೊರಹರಿವು ಎರಡರಲ್ಲಿಯೂ, ಒಂದೇ ಹೊತ್ತಿನಲ್ಲಿ, ರೂಪಗಳನ್ನು ಬೇರ್ಪಡಿಸಿ ಅಳೆಯಲೇಬೇಕು.

ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಒಂಟಾರಿಯೊ ಹೈಡ್ರೊ ವಿಧಾನ. ಬಿಸಿ ಮಾಡಿದ ನಳಿಕೆ ಮತ್ತು ಫಿಲ್ಟರ್ ದಾಟಿದ ಅನಿಲವನ್ನು ಮಂಜುಗಡ್ಡೆಯಲ್ಲಿ ಇರಿಸಿದ ಎಂಟು ಗಾಜಿನ ಬಾಟಲಿಗಳ ಮೂಲಕ ಎಳೆಯಲಾಗುತ್ತದೆ. ಮೊದಲ ಮೂರರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವಿದ್ದು ಅದು ಉತ್ಕರ್ಷಿತ ಪಾದರಸವನ್ನು ಹಿಡಿಯುತ್ತದೆ. ನಾಲ್ಕನೆಯದರಲ್ಲಿ ನೈಟ್ರಿಕ್ ಆಮ್ಲ ಮತ್ತು ಹೈಡ್ರೊಜನ್ ಪೆರಾಕ್ಸೈಡ್, ಮುಂದಿನ ಮೂರರಲ್ಲಿ ಆಮ್ಲ ಬೆರೆಸಿದ ಪೊಟ್ಯಾಸಿಯಂ ಪರ್ಮಾಂಗನೇಟ್, ಕೊನೆಯದರಲ್ಲಿ ಸಿಲಿಕಾ ಜೆಲ್. ಧಾತುರೂಪದ ಪಾದರಸ ಸಿಕ್ಕಿಬೀಳುವುದು ಮುಖ್ಯವಾಗಿ ಪರ್ಮಾಂಗನೇಟಿನಲ್ಲಿ. ಮಾದರಿ ತೆಗೆಯುವ ಎರಡು ಗಂಟೆಯೂ ಆ ಮೂರು ಬಾಟಲಿಗಳ ನೇರಳೆ ಬಣ್ಣದ ಮೇಲೆ ಕಣ್ಣಿಟ್ಟಿರಬೇಕು. ಸ್ಕ್ರಬ್ಬರಿಗೆ ಮುಂಚಿನ ಅನಿಲದಲ್ಲಿ ಗಂಧಕದ ಡೈಆಕ್ಸೈಡ್ ಹೇರಳವಾಗಿರುತ್ತದೆ. ಪೆರಾಕ್ಸೈಡ್ ಮುಗಿದುಹೋದರೆ ಅದು ಪರ್ಮಾಂಗನೇಟಿಗೆ ದಾಳಿಯಿಡುತ್ತದೆ, ನೇರಳೆ ಬಣ್ಣ ಮಾಸಿ ಕಂದಾಗಿ ಕೊನೆಗೆ ತಿಳಿಯಾಗುತ್ತದೆ. ಬಣ್ಣ ಹೋದ ಬಾಟಲಿ ಪಾದರಸವನ್ನು ಹಿಡಿಯುವುದಿಲ್ಲ, ಆ ಮಾದರಿಯನ್ನು ಚೆಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಬಿಸಿಲಿನಲ್ಲಿ ಚಿಮಣಿಯ ಮೆಟ್ಟಿಲು ಹತ್ತಿ ನಿಂತವರಿಗೆ ಇದು ನೋವಿನ ತೀರ್ಮಾನ, ಆದರೂ ಬೇರೆ ದಾರಿಯಿಲ್ಲ.

ಮಾದರಿಯನ್ನು ಇಎಸ್‌ಪಿಯ ನಂತರವೇ ತೆಗೆಯಿರಿ. ಅದಕ್ಕೆ ಮುಂಚೆ ತೆಗೆದರೆ ಫಿಲ್ಟರಿನ ಮೇಲೆ ಕೂತ ಬೂದಿಯೇ ಧಾತುರೂಪದ ಪಾದರಸವನ್ನು ಉತ್ಕರ್ಷಿಸಿ ತಪ್ಪು ಅಂಕಿ ಕೊಡುತ್ತದೆ. ದಿನನಿತ್ಯದ ನಿಗಾಕ್ಕೆ ಇಂಗಾಲ ತುಂಬಿದ ಹೀರುನಳಿಕೆಗಳನ್ನು ಜೋಡಿಯಾಗಿ ಬಳಸುವುದು ಅನುಕೂಲಕರ, ಅವುಗಳ ಮುಂದೆ ಪೊಟ್ಯಾಸಿಯಂ ಕ್ಲೋರೈಡ್ ಲೇಪಿತ ಭಾಗವನ್ನು ಸೇರಿಸಿದರೆ ರೂಪಗಳೂ ಬೇರ್ಪಡುತ್ತವೆ. ಸ್ಕ್ರಬ್ಬರಿನ ನಂತರದ ಅನಿಲ ಸುಮಾರು 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಾವಿಯಿಂದ ತುಂಬಿ ತುಳುಕುತ್ತಿರುವುದರಿಂದ ನಳಿಕೆಯನ್ನು ಚೆನ್ನಾಗಿ ಬಿಸಿಯಾಗಿಡದಿದ್ದರೆ ಹನಿಗಟ್ಟಿದ ನೀರೇ ಪಾದರಸವನ್ನು ಹೀರಿಕೊಂಡುಬಿಡುತ್ತದೆ.

ಅಂಕಿಗಳು ಕೈಗೆ ಬಂದಾಗ ಅವನ್ನು ಓದುವ ಬಗೆಯನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತೋರಿಸುತ್ತೇನೆ. ಒಳಹರಿವಿನಲ್ಲಿ 14 ಮೈಕ್ರೊಗ್ರಾಂ ಇದೆ, ಅದರಲ್ಲಿ 8.4 ಉತ್ಕರ್ಷಿತ, 5.6 ಧಾತುರೂಪ. ಉತ್ಕರ್ಷಿತದ ಶೇ 90 ಸಿಕ್ಕಿಬಿದ್ದರೆ ಹೊರಗೆ 0.84 ಉಳಿಯಬೇಕು, ಧಾತುರೂಪದ 5.6 ಹಾಗೆಯೇ ಸಾಗಬೇಕು, ಒಟ್ಟು 6.44 ಕಾಣಬೇಕು. ಆದರೆ ಚಿಮಣಿಯಲ್ಲಿ ಧಾತುರೂಪವೇ 7.5 ಇದೆ ಎಂದುಕೊಳ್ಳಿ. ಒಳಗೆ ಹೋದದ್ದಕ್ಕಿಂತ ಹೊರಬಂದದ್ದು 1.9ರಷ್ಟು ಹೆಚ್ಚು. ಸ್ಲರಿ ಹಿಡಿದಿದ್ದ ಪಾದರಸವೇ ಮತ್ತೆ ಆವಿಯಾಗಿ ಓಡಿಹೋಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಇದನ್ನೇ ಮರುಬಿಡುಗಡೆ ಎನ್ನುತ್ತೇವೆ. ಇಂಥ ಘಟಕದಲ್ಲಿ ಎರಡು ಕೆಲಸಗಳಿವೆ: 5.6ನ್ನು ಇಳಿಸಲು ಉತ್ಕರ್ಷಣ ಹೆಚ್ಚಿಸುವುದು, 1.9ನ್ನು ತಡೆಯಲು ಸ್ಲರಿಯನ್ನು ಸರಿಪಡಿಸುವುದು. ಎರಡನೆಯದು ಅಗ್ಗದ ಕೆಲಸ, ಅದನ್ನೇ ಮೊದಲು ಮಾಡಿ.

ಮೂರನೆಯ ಹಂತ: ಸ್ಕ್ರಬ್ಬರಿಗೆ ಮುಂಚೆ ಉತ್ಕರ್ಷಣ

ಸಾರಜನಕದ ಆಕ್ಸೈಡುಗಳನ್ನು ಅಮೋನಿಯಾ ಮತ್ತು ವೇಗವರ್ಧಕದ ನೆರವಿನಿಂದ ತೆಗೆಯುವ ಎಸ್‌ಸಿಆರ್ ಘಟಕ ಅಳವಡಿಸಿರುವ ಕಡೆ ಅದರ ವೆನೇಡಿಯಂ ವೇಗವರ್ಧಕ ಪಾದರಸವನ್ನೂ ಉತ್ಕರ್ಷಿಸುತ್ತದೆ. ಆದರೆ ಅದಕ್ಕೆ ಅನಿಲದಲ್ಲಿ ಹೈಡ್ರೊಜನ್ ಕ್ಲೋರೈಡ್ ಇರಬೇಕು, ಮತ್ತು ಅಮೋನಿಯಾ ಹೆಚ್ಚಿರುವ ಮೊದಲ ಪದರಗಳಲ್ಲಿ ಈ ಕೆಲಸ ಹಿಂದೆ ಬೀಳುತ್ತದೆ. ಭಾರತದ ಹೆಚ್ಚಿನ ಸ್ಥಾವರಗಳಲ್ಲಿ ಎಸ್‌ಸಿಆರ್ ಇಲ್ಲದಿರುವುದರಿಂದ ಈ ದಾರಿಯನ್ನು ಇಲ್ಲಿ ಬೆಳೆಸುವುದಿಲ್ಲ.

ನಮಗೆ ಹೊಂದುವ ದಾರಿ ಬ್ರೋಮೈಡ್. ಕ್ಯಾಲ್ಸಿಯಂ ಬ್ರೋಮೈಡಿನ ದ್ರಾವಣವನ್ನು ಕಲ್ಲಿದ್ದಲು ಫೀಡರಿನ ಮೇಲೆ ಸಣ್ಣ ಪಂಪಿನಿಂದ ಸಿಂಪಡಿಸಲಾಗುತ್ತದೆ. ಕ್ಲೋರಿನ್ನಿಗಿಂತ ಬ್ರೋಮಿನ್ ಹೆಚ್ಚು ಫಲ ಕೊಡಲು ಕಾರಣವಿದೆ: ಕುಲುಮೆಯಿಂದ ಹೊರಬಂದ ಕ್ಲೋರಿನ್ನನ್ನು ಗಂಧಕದ ಡೈಆಕ್ಸೈಡ್ ಮತ್ತು ನೀರಾವಿ ಸೇರಿ ಮತ್ತೆ ಹೈಡ್ರೊಜನ್ ಕ್ಲೋರೈಡಿಗೆ ಇಳಿಸಿಬಿಡುತ್ತವೆ, ಬ್ರೋಮಿನ್ ಆ ಹಿಡಿತಕ್ಕೆ ಅಷ್ಟು ಸುಲಭವಾಗಿ ಸಿಗದೆ ಪಾದರಸಕ್ಕೆ ಒದಗುತ್ತದೆ. ಕಲ್ಲಿದ್ದಲಿನ ತೂಕದ ದಶಲಕ್ಷದಲ್ಲಿ 25 ಭಾಗದಿಂದ ಆರಂಭಿಸಿ, ಪ್ರತಿ ಮಟ್ಟದಲ್ಲೂ ಕನಿಷ್ಠ ಎರಡು ದಿನ ನಿಂತು, ಒಳಹರಿವಿನಲ್ಲಿ ಉತ್ಕರ್ಷಿತ ಪಾಲು ಎಷ್ಟಕ್ಕೆ ಏರಿತೆಂದು ಅಳೆದು, ಏರಿಕೆ ನಿಂತಲ್ಲಿಗೆ ಪ್ರಮಾಣವನ್ನೂ ನಿಲ್ಲಿಸಿ.

ಬ್ರೋಮೈಡನ್ನು ಕೈಸಡಿಲಿಸಿ ಸುರಿಯಬಾರದು. ಏರ್ ಪ್ರಿಹೀಟರಿನ ತಣ್ಣನೆಯ ತುದಿಯಲ್ಲಿ ಅದು ತುಕ್ಕನ್ನು ಹೆಚ್ಚಿಸುತ್ತದೆ. ಇನ್ನೂ ಮುಖ್ಯವಾದುದು ನೀರಿನ ವಿಚಾರ. ಸ್ಕ್ರಬ್ಬರ್ ಹಿಡಿದ ಬ್ರೋಮೈಡ್ ಸಾಮಾನ್ಯ ಶುದ್ಧೀಕರಣದಲ್ಲಿ ಪ್ರತ್ಯೇಕವಾಗದೆ ತ್ಯಾಜ್ಯನೀರಿನಲ್ಲೇ ಉಳಿಯುತ್ತದೆ. ಆ ನೀರು ನದಿ ಸೇರಿ, ಕೆಳದಂಡೆಯ ಊರಿನ ಕುಡಿಯುವ ನೀರಿನ ಘಟಕದಲ್ಲಿ ಕ್ಲೋರಿನ್ನಿಗೆ ಸಿಕ್ಕಿದರೆ ಬ್ರೋಮಿನ್ ಇರುವ ಟ್ರೈಹ್ಯಾಲೊಮೀಥೇನುಗಳೆಂಬ ಹಾನಿಕಾರಕ ಸಂಯುಕ್ತಗಳು ಹುಟ್ಟುತ್ತವೆ. ರಾಯಚೂರು ಬಳಿಯ ಶಕ್ತಿನಗರದ ಸ್ಥಾವರ ಕೃಷ್ಣೆಯ ದಡದಲ್ಲೇ ಇದೆ. ಇಂಥ ಕಡೆ ನೀರನ್ನು ಹೊರಬಿಡುವ ವ್ಯವಸ್ಥೆ ಏನೆಂದು ತೀರ್ಮಾನವಾಗುವ ಮುನ್ನ ಬ್ರೋಮೈಡಿನ ಪಂಪನ್ನು ತರಿಸಲೂಬಾರದು ಎನ್ನುವೆ. ಗಾಳಿಯ ವಿಷವನ್ನು ನೀರಿಗೆ ವರ್ಗಾಯಿಸುವುದು ಪರಿಹಾರವಲ್ಲ.

ನಾಲ್ಕನೆಯ ಹಂತ: ಗೋಪುರದ ಮೂಲ ಶಿಸ್ತು

ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಗಂಧಕವನ್ನು ಚೆನ್ನಾಗಿ ಹಿಡಿಯುವ ಗೋಪುರ ಉತ್ಕರ್ಷಿತ ಪಾದರಸವನ್ನೂ ಚೆನ್ನಾಗಿ ಹಿಡಿಯುತ್ತದೆ. ಅನಿಲಕ್ಕೆ ತಕ್ಕಷ್ಟು ಸ್ಲರಿ ಸುರಿಯುತ್ತಿರಬೇಕು, ತುಂತುರು ನಳಿಕೆಗಳು ಕಟ್ಟಿಕೊಂಡಿರಬಾರದು, ಪಿಎಚ್ 5ರಿಂದ 6ರ ನಡುವೆ ಸ್ಥಿರವಾಗಿರಬೇಕು, ಹನಿ ತಡೆಯುವ ಮಿಸ್ಟ್ ಎಲಿಮಿನೇಟರನ್ನು ಕ್ರಮತಪ್ಪದೆ ತೊಳೆಯಬೇಕು. ತಪ್ಪಿಸಿಕೊಂಡ ಪ್ರತಿ ಹನಿಯೂ ಕರಗಿದ ಪಾದರಸವನ್ನು ಹೊತ್ತೊಯ್ಯುತ್ತದೆ. ಅನಿಲವನ್ನು ಮತ್ತೆ ಬಿಸಿಮಾಡುವ ತಿರುಗುವ ಹೀಟರ್ ಇರುವಲ್ಲಿ ಅದರ ಸೀಲುಗಳ ಮೂಲಕ ಕೊಳಕು ಅನಿಲ ಶುದ್ಧ ಅನಿಲದ ಬದಿಗೆ ಸೋರುತ್ತದೆ. ಅಳತೆಗೆ ಹೊಂದದ ಪಾದರಸ ಕಂಡಾಗ ಮೊದಲು ಅಲ್ಲಿ ಹುಡುಕಿ. ಬೈಪಾಸ್ ಡ್ಯಾಂಪರ್ ಪೂರ್ತಿ ಮುಚ್ಚಿದೆಯೇ ಎಂದೂ ನೋಡಿ.

ಐದನೆಯ ಹಂತ: ಹಿಡಿದ ಪಾದರಸ ಓಡಿಹೋಗದಂತೆ ಕಾಯುವುದು

ಈ ಕೆಲಸದ ತಿರುಳು ಇರುವುದೇ ಇಲ್ಲಿ. ಸ್ಲರಿಗೆ ಬಂದ ಗಂಧಕದ ಡೈಆಕ್ಸೈಡ್ ಮೊದಲು ಸಲ್ಫೈಟ್ ಆಗುತ್ತದೆ, ಬ್ಲೋವರಿನಿಂದ ಊದಿದ ಗಾಳಿ ಅದನ್ನು ಸಲ್ಫೇಟ್ ಮಾಡಿ ಜಿಪ್ಸಂ ಆಗಿಸುತ್ತದೆ. ಗಾಳಿ ಸಾಲದೆ ಸಲ್ಫೈಟ್ ಉಳಿದರೆ ಅದು ಕರಗಿದ ಪಾದರಸಕ್ಕೆ ಇಲೆಕ್ಟ್ರಾನುಗಳನ್ನು ಕೊಟ್ಟು ಧಾತುರೂಪಕ್ಕೆ ಇಳಿಸುತ್ತದೆ. ನೀರಿನಲ್ಲಿ ಕರಗದ ಅದು ಗುಳ್ಳೆಗಳ ಜೊತೆ ಮೇಲೆದ್ದು ಚಿಮಣಿಗೆ ಹೋಗುತ್ತದೆ. ಸುಣ್ಣಕಲ್ಲಿನಿಂದ ಬಂದ, ಇನ್ನೂ ಪೂರ್ತಿ ಉತ್ಕರ್ಷಣಗೊಳ್ಳದ ಫೆರಸ್ ಕಬ್ಬಿಣದ ಅಯಾನುಗಳೂ ಇದೇ ಕೆಲಸ ಮಾಡಬಲ್ಲವು. ಉಷ್ಣತೆ ಏರಿದಷ್ಟೂ ಇದು ಬಿರುಸಾಗುತ್ತದೆ. ಪಿಎಚ್ ಪರಿಣಾಮ ಮಾತ್ರ ನೇರವಾದದ್ದಲ್ಲ, ಏಕೆಂದರೆ ಅದು ಬದಲಾದಂತೆ ಕರಗಿದ ಸಲ್ಫೈಟಿನ ಪ್ರಮಾಣವೂ ಬದಲಾಗುತ್ತದೆ. ಪಾದರಸ ಒಂದೇ ಸಲ್ಫೈಟಿನೊಂದಿಗೆ ಸೇರಿದಾಗ ಬೇಗ ಒಡೆಯುತ್ತದೆ, ಎರಡರೊಂದಿಗೆ ಸೇರಿದಾಗ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಒಂದು ಘಟಕದ ಪಿಎಚ್ ಪಾಠವನ್ನು ಇನ್ನೊಂದಕ್ಕೆ ಹೇರಬೇಡಿ.

ಸ್ಲರಿಯ ಒಲವು ಉತ್ಕರ್ಷಣದ ಕಡೆಗೋ ಅಪಕರ್ಷಣದ ಕಡೆಗೋ ಎಂಬುದನ್ನು ಓಆರ್‌ಪಿ ಮಾಪಕ ಮಿಲಿವೋಲ್ಟಿನಲ್ಲಿ ತೋರಿಸುತ್ತದೆ. ಇದರ ಎಲೆಕ್ಟ್ರೋಡನ್ನು ಮರುಪರಿಚಲನೆಯ ಕೊಳವೆಯ ಕವಲಿನಲ್ಲಿ ಕೂರಿಸಿ, ವಾರಕ್ಕೊಮ್ಮೆಯಾದರೂ ಹೊರತೆಗೆದು, ಮೇಲೆ ಕಟ್ಟಿದ ಜಿಪ್ಸಂ ಪೊರೆಯನ್ನು ದುರ್ಬಲ ಆಮ್ಲದಲ್ಲಿ ತೊಳೆದು, ಪ್ರಮಾಣಿತ ದ್ರಾವಣದಲ್ಲಿ ಪರೀಕ್ಷಿಸಬೇಕು. ಪೊರೆ ಕಟ್ಟಿದ ಎಲೆಕ್ಟ್ರೋಡ್ ನಿಧಾನವಾಗಿ, ನಂಬುವಂಥ ಸುಳ್ಳನ್ನೇ ಹೇಳುತ್ತದೆ. ಮಾಪಕ ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನ ಆಧಾರದ್ದೋ, ಅಂಕಿಯನ್ನು ಹೈಡ್ರೊಜನ್ ಆಧಾರಕ್ಕೆ ಪರಿವರ್ತಿಸಿ ತೋರಿಸುತ್ತಿದೆಯೋ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ. ಎರಡರ ನಡುವೆ ಸುಮಾರು 200 ಮಿಲಿವೋಲ್ಟಿನ ಅಂತರವಿದ್ದು, ಬೇರೆ ಸ್ಥಾವರದವರೊಂದಿಗೆ ಅಂಕಿ ಹೋಲಿಸುವಾಗ ಈ ಒಂದು ಅಲಕ್ಷ್ಯ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ.

ಬೆಳ್ಳಿಯ ಆಧಾರದಲ್ಲಿ 150ರಿಂದ 300 ಮಿಲಿವೋಲ್ಟಿನ ನಡುವೆ ನಡೆಸಲು ಆರಂಭಿಸಿ, ಬಳಿಕ ನಿಮ್ಮ ಚಿಮಣಿಯ ಅಳತೆಗಳನ್ನು ನೋಡಿ ವ್ಯಾಪ್ತಿಯನ್ನು ಕಿರಿದುಗೊಳಿಸಿ. ತೀರ ಕೆಳಗಿಳಿದರೆ ಮರುಬಿಡುಗಡೆ. ಹಾಗೆಂದು ಗಾಳಿಯನ್ನು ಮಿತಿಯಿಲ್ಲದೆ ಊದಿ ಓಆರ್‌ಪಿಯನ್ನು ಮೇಲೇರಿಸಿದರೆ ಬೇರೆ ಕಷ್ಟಗಳು ಶುರುವಾಗುತ್ತವೆ. ಕರಗಿದ್ದ ಮ್ಯಾಂಗನೀಸ್ ಕಪ್ಪು ಡೈಆಕ್ಸೈಡಾಗಿ ಗೋಡೆಗೂ ಎಲೆಕ್ಟ್ರೋಡಿಗೂ ಅಂಟುತ್ತದೆ. ತ್ಯಾಜ್ಯನೀರಿನಲ್ಲಿ ಸುಲಭವಾಗಿ ತೆಗೆಯಬಹುದಾದ ಸೆಲೆನೈಟ್ ತೆಗೆಯಲು ಕಷ್ಟವಾದ ಸೆಲೆನೇಟ್ ಆಗುತ್ತದೆ. ಪಾದರಸ ಘನಕಣಗಳನ್ನು ಬಿಟ್ಟು ದ್ರವದಲ್ಲೇ ಹೆಚ್ಚಾಗಿ ಉಳಿದು ನೀರಿನ ಶುದ್ಧೀಕರಣದ ಮೇಲೆ ಹೊರೆ ಹಾಕುತ್ತದೆ.

ಓಆರ್‌ಪಿ ಹೀಗೆ ಏರಿಳಿಯಲು ಕರ್ನಾಟಕದಲ್ಲಿ ಒಂದು ವಿಶೇಷ ಕಾರಣವೂ ಸೇರಿಕೊಂಡಿದೆ. ಪಾವಗಡದಂಥ ಸೌರ ಪಾರ್ಕುಗಳ ವಿದ್ಯುತ್ ಹಗಲಲ್ಲಿ ಹರಿದುಬರುವಾಗ ಕಲ್ಲಿದ್ದಲು ಘಟಕಗಳ ಹೊರೆಯನ್ನು ಇಳಿಸಿ, ಸೂರ್ಯ ಮುಳುಗುವ ಹೊತ್ತಿಗೆ ಮತ್ತೆ ಏರಿಸಬೇಕಾಗುತ್ತದೆ. ಮಧ್ಯಾಹ್ನ ಒಳಬರುವ ಗಂಧಕ ಕಡಿಮೆ, ಬ್ಲೋವರಿನ ಗಾಳಿ ಮಾತ್ರ ಅಷ್ಟೇ. ಓಆರ್‌ಪಿ ಮೇಲಕ್ಕೆ ಹಾರಿ, ಪಾದರಸ ದ್ರವಕ್ಕೆ ಇಳಿದು ಕೂಡಿಕೊಳ್ಳುತ್ತ ಹೋಗುತ್ತದೆ. ಸಂಜೆ ಆರರ ಹೊತ್ತಿಗೆ ಹೊರೆ ಏರಿದಾಗ ಗಂಧಕ ಒಮ್ಮೆಲೇ ನುಗ್ಗುತ್ತದೆ, ಸಲ್ಫೈಟ್ ಹೆಚ್ಚಿ ಓಆರ್‌ಪಿ ಕುಸಿಯುತ್ತದೆ, ಹಗಲೆಲ್ಲ ಕೂಡಿಟ್ಟ ಪಾದರಸ ಕಡಿಮೆ ಅವಧಿಯಲ್ಲಿ ಚಿಮಣಿಯ ದಾರಿ ಹಿಡಿಯುತ್ತದೆ. ತಿಂಗಳಿಗೊಮ್ಮೆ, ಬೆಳಗಿನ ಹೊತ್ತು, ಸ್ಥಿರ ಹೊರೆಯಲ್ಲಿ ಮಾದರಿ ತೆಗೆಯುವ ಸ್ಥಾವರಕ್ಕೆ ಇದು ಕಾಣುವುದೇ ಇಲ್ಲ. ಆದ್ದರಿಂದ ಗಾಳಿಯ ಪ್ರಮಾಣವನ್ನು ಒಳಬರುವ ಗಂಧಕಕ್ಕೆ ಜೋಡಿಸಿ: ಹೊರೆ ಇಳಿದಾಗ ಒಂದು ಬ್ಲೋವರ್ ನಿಲ್ಲಿಸಿ ಅಥವಾ ಅದರ ವೇಗ ತಗ್ಗಿಸಿ, ಹೊರೆ ಏರಿಸುವ ಆದೇಶ ಬಂದಕೂಡಲೇ, ಏರಿಸುವುದಕ್ಕೆ ಮೊದಲೇ, ಗಾಳಿಯನ್ನು ಹೆಚ್ಚಿಸಿ. ಕಂಟ್ರೋಲ್ ರೂಮಿನವರಿಗೂ ಎಫ್‌ಜಿಡಿ ಪಾಳಿಯವರಿಗೂ ನಡುವೆ ಒಂದು ದೂರವಾಣಿ ಕರೆ ಮಾಡಬಲ್ಲ ಕೆಲಸವಿದು. ರಾತ್ರಿ ಬ್ಲೋವರ್ ಟ್ರಿಪ್ ಆದರೆ ಅದನ್ನು ಜಿಪ್ಸಂನ ಗುಣಮಟ್ಟದ ತೊಂದರೆಯೆಂದು ಮಾತ್ರ ಬರೆಯದೆ, ಪಾದರಸದ ಘಟನೆಯೆಂದೂ ದಾಖಲಿಸಿ.

ಕ್ಲೋರೈಡಿನ ಪಾತ್ರವನ್ನೂ ಮರೆಯಬಾರದು. ಸ್ಲರಿಯಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಅದು ಪಾದರಸವನ್ನು ಸುತ್ತುವರಿದು ಸಲ್ಫೈಟಿನಿಂದ ಕಾಪಾಡುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಕ್ಲೋರಿನ್ ಕಡಿಮೆಯಾದ್ದರಿಂದ, ಸ್ಲರಿಯನ್ನು ಹೆಚ್ಚುಹೆಚ್ಚಾಗಿ ಹೊರಹಾಕುವ ಘಟಕದಲ್ಲಿ ಕ್ಲೋರೈಡ್ ಬೆಳೆಯುವುದೇ ಇಲ್ಲ. ಗೋಪುರದ ಲೋಹ ಅಥವಾ ಒಳಲೇಪ ತಡೆದುಕೊಳ್ಳುವ ಮಿತಿಯ ಒಳಗೆ ಹೊರಹಾಕುವಿಕೆಯನ್ನು ತಗ್ಗಿಸಿದರೆ ನೀರೂ ಉಳಿಯುತ್ತದೆ, ಪಾದರಸವೂ ನಿಲ್ಲುತ್ತದೆ.

ಇಷ್ಟಾದ ಮೇಲೂ ಮರುಬಿಡುಗಡೆ ಉಳಿದರೆ ಗಂಧಕವಿರುವ ಸೇರ್ಪಡೆಗಳನ್ನು ಬಳಸಬಹುದು. ಸೋಡಿಯಂ ಹೈಡ್ರೊಸಲ್ಫೈಡ್, ಶೇ 15ರ ದ್ರಾವಣವಾಗಿ ಸಿಗುವ ಟಿಎಂಟಿ (ಟ್ರೈಮರ್ಕ್ಯಾಪ್ಟೊಟ್ರೈಯಾಝೀನ್ ಎಂಬ ಸಾವಯವ ಸಲ್ಫೈಡ್), ಡೈಥಯೊಕಾರ್ಬಮೇಟ್ ಗುಂಪಿರುವ ಪಾಲಿಮರುಗಳು ಇವೆಲ್ಲ ಪಾದರಸವನ್ನು ಕರಗದ ಸಂಯುಕ್ತವಾಗಿ ಕಟ್ಟಿಹಾಕುತ್ತವೆ. ಮರುಪರಿಚಲನೆ ಪಂಪಿನ ಹೀರುಬದಿಯಲ್ಲಿ ಸೇರಿಸಿದರೆ ಚೆನ್ನಾಗಿ ಬೆರೆಯುತ್ತದೆ. ಇವುಗಳಲ್ಲಿ ಸೋಡಿಯಂ ಹೈಡ್ರೊಸಲ್ಫೈಡ್ ಅಗ್ಗ, ಆದರೆ ಆಮ್ಲೀಯ ಸ್ಲರಿಗೆ ತಾಗಿದೊಡನೆ ಹೈಡ್ರೊಜನ್ ಸಲ್ಫೈಡ್ ಅನಿಲ ಬಿಡುವ ಅಪಾಯವಿದೆ. ಆ ಅನಿಲ ದಟ್ಟವಾದಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯೇ ಸತ್ತುಹೋಗುತ್ತದೆ, ವಾಸನೆ ನಿಂತಿತೆಂದು ಒಳಗೆ ಕಾಲಿಟ್ಟವರು ಹೊರಗೆ ಬರುವುದಿಲ್ಲ. ಅನಿಲ ಪತ್ತೆಯಂತ್ರ, ಮುಚ್ಚಿದ ಕೊಳವೆ ಮತ್ತು ತರಬೇತಾದ ಇಬ್ಬರು ಇಲ್ಲದೆ ಅದನ್ನು ಮುಟ್ಟಬಾರದು. ಹೊಸದಾಗಿ ಆರಂಭಿಸುವವರಿಗೆ ಟಿಎಂಟಿಯನ್ನೇ ಸೂಚಿಸುವೆ.

ಯಾವುದನ್ನು ಎಷ್ಟು ಎಂಬುದನ್ನು ಮಾರುವವರ ಮಾತಿನ ಮೇಲೆ ನಿರ್ಧರಿಸದೆ ಬೀಕರಿನಲ್ಲಿ ನೋಡಿ. ಪಂಪಿನ ಮಾದರಿ ನಲ್ಲಿಯಿಂದ ಆಗಷ್ಟೇ ಹಿಡಿದ ಸ್ಲರಿಯನ್ನು ಐದು ಬೀಕರುಗಳಿಗೆ ಹಂಚಿ, ಒಂದಕ್ಕೆ ಏನನ್ನೂ ಹಾಕದೆ ಉಳಿದವಕ್ಕೆ ಏರುವ ಪ್ರಮಾಣದಲ್ಲಿ ಸೇರಿಸಿ, 50 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕಲಕಿ, ಸೋಸಿ, ತಿಳಿಯಲ್ಲಿ ಉಳಿದ ಪಾದರಸವನ್ನು ಅಳೆಯಿರಿ. ಇಲ್ಲಿ ಹೊತ್ತು ಮುಖ್ಯ. ಹಿಡಿದ ಸ್ಲರಿ ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಗಾಳಿಯ ಸಂಪರ್ಕ ತಪ್ಪಿ, ಉಳಿದ ಸುಣ್ಣಕಲ್ಲು ಕರಗುತ್ತ, ಒಳಗಿನ ಸಮತೋಲನ ಬದಲಾಗಿರುತ್ತದೆ. ಆದ್ದರಿಂದ ದಿನನಿತ್ಯದ ಮಾದರಿಯನ್ನಾದರೂ ಪಂಪಿನ ಪಕ್ಕದಲ್ಲೇ, ಸಿರಿಂಜಿಗೆ 0.45 ಮೈಕ್ರಾನಿನ ಫಿಲ್ಟರ್ ಸಿಕ್ಕಿಸಿ ಸೋಸಿ, ಆಮ್ಲ ಹಾಕಿದ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಸಾಮಾನ್ಯ ಪಾಲಿಥೀನ್ ಬಾಟಲಿಯ ಗೋಡೆಯನ್ನು ಪಾದರಸದ ಆವಿ ದಾಟಬಲ್ಲದು.

ಆರನೆಯ ಹಂತ: ಹಿಡಿದದ್ದು ಎಲ್ಲಿಗೆ ಹೋಯಿತು

ಗಾಳಿಯಿಂದ ತೆಗೆದ ಪಾದರಸ ಈಗ ಸ್ಲರಿಯಲ್ಲಿದೆ. ಮರುಬಿಡುಗಡೆಯನ್ನು ತಡೆದರೆ ಅದಕ್ಕೆ ಉಳಿಯುವುದು ಎರಡೇ ಹೊರದಾರಿ: ಜಿಪ್ಸಂ ಅಥವಾ ತ್ಯಾಜ್ಯನೀರು. ಪಾದರಸ ಜಿಪ್ಸಂನ ದಪ್ಪ ಹರಳುಗಳಿಗಿಂತ ಕಬ್ಬಿಣ, ಅಲ್ಯುಮಿನಿಯಂ ಮತ್ತು ಜೇಡಿಯ ನುಣ್ಣನೆಯ ಕಣಗಳಿಗೆ ಹೆಚ್ಚು ಅಂಟಿಕೊಳ್ಳುತ್ತದೆ. ಸ್ಲರಿಯನ್ನು ಸುಳಿಯಂತೆ ತಿರುಗಿಸುವ ಹೈಡ್ರೋಸೈಕ್ಲೋನ್ ದಪ್ಪ ಹರಳನ್ನು ಕೆಳಗೂ ನುಣ್ಣನೆಯದನ್ನು ಮೇಲಿನ ಹರಿವಿಗೂ ಕಳುಹಿಸುವುದರಿಂದ, ಹೊರಹಾಕುವ ನೀರನ್ನು ಆ ಮೇಲಿನ ಹರಿವಿನಿಂದಲೇ ತೆಗೆದರೆ ಪಾದರಸದ ಹೆಚ್ಚಿನ ಪಾಲು ಅದರೊಂದಿಗೆ ಹೋಗಿ ಜಿಪ್ಸಂ ಶುದ್ಧವಾಗುತ್ತದೆ. ಸೈಕ್ಲೋನಿನ ತುದಿ ಸವೆದಾಗ ಈ ವಿಂಗಡಣೆ ಕೆಡುತ್ತದೆ, ಒತ್ತಡದ ಅಂಕಿಯ ಮೇಲೆ ಕಣ್ಣಿಡಿ. ಜಿಪ್ಸಂ ಹಲಗೆ ಮಾಡುವ ಕಾರ್ಖಾನೆಗೆ ಮಾರುವುದಾದರೆ ಅಲ್ಲಿ ಅದನ್ನು ಸುಮಾರು 150 ಡಿಗ್ರಿಗೆ ಕಾಯಿಸುತ್ತಾರೆಂದೂ, ಆಗ ಪಾದರಸದ ಒಂದು ಪಾಲು ಅಲ್ಲಿನ ಕೆಲಸಗಾರರ ಗಾಳಿಗೆ ಸೇರಬಹುದೆಂದೂ ತಿಳಿಸುವ ಹೊಣೆ ನಿಮ್ಮದು.

ತ್ಯಾಜ್ಯನೀರಿಗೆ ಸುಣ್ಣ ಹಾಕಿ ಪಿಎಚ್ ಅನ್ನು 8.5ರಿಂದ 9ಕ್ಕೆ ಏರಿಸಿ, ಸಾವಯವ ಸಲ್ಫೈಡ್ ಬೆರೆಸಿ, ಆನಂತರ ಫೆರಿಕ್ ಕ್ಲೋರೈಡ್ ಮತ್ತು ಪಾಲಿಮರ್ ಸೇರಿಸಿದರೆ ಪಾದರಸ ಸಣ್ಣ ಮುದ್ದೆಗಳಾಗಿ ಕ್ಲಾರಿಫೈಯರಿನಲ್ಲಿ, ಅಂದರೆ ನೀರನ್ನು ತಿಳಿಗೊಳಿಸುವ ತೊಟ್ಟಿಯಲ್ಲಿ, ಕೆಳಗಿಳಿಯುತ್ತದೆ. ಫಿಲ್ಟರ್ ಪ್ರೆಸ್ಸಿನಿಂದ ಬರುವ ಆ ಕೆಸರಿನಲ್ಲಿ ತಿಂಗಳುಗಟ್ಟಲೆ ಹಿಡಿದ ಪಾದರಸವೆಲ್ಲ ಒಟ್ಟಾಗಿರುತ್ತದೆ. ಅದನ್ನು ಬೂದಿಯ ಹೊಂಡಕ್ಕೆ ಸುರಿಯದೆ, ಪರೀಕ್ಷಿಸಿ, ಅಪಾಯಕಾರಿ ತ್ಯಾಜ್ಯದ ನಿಯಮದಂತೆ ಅಧಿಕೃತ ವಿಲೇವಾರಿ ನೆಲೆಗೆ ಕಳುಹಿಸಬೇಕು. ನೀರನ್ನು ಹೊರಬಿಡಬಾರದೆಂಬ ಕಾರಣಕ್ಕೆ ಕೆಲವೆಡೆ ಈ ನೀರನ್ನೇ ಕಲ್ಲಿದ್ದಲು ಯಾರ್ಡಿನ ಧೂಳಡಗಿಸಲು ಸಿಂಪಡಿಸುವ ಆಲೋಚನೆ ಬರುತ್ತದೆ. ಹಾಗೆ ಮಾಡಿದರೆ ಪಾದರಸ ಬೆಲ್ಟ್ ಹತ್ತಿ ಮತ್ತೆ ಬಾಯ್ಲರಿಗೇ ಹೋಗುತ್ತದೆ, ಸುತ್ತು ತಿರುಗಿದಂತೆಲ್ಲ ಅದರ ಮಟ್ಟ ಏರುತ್ತದೆ.

ಏಳನೆಯ ಹಂತ: ಪಾದರಸದ ಜಮಾಖರ್ಚು

ಮೂರು ತಿಂಗಳಿಗೊಮ್ಮೆ, ಸತತ ಮೂರು ದಿನ, ಒಳಬಂದ ಕಲ್ಲಿದ್ದಲು, ಸುಣ್ಣಕಲ್ಲು ಮತ್ತು ನೀರಿನ ಪಾದರಸವನ್ನು ಒಂದು ಬದಿಗೂ, ಹೊರಹೋದ ತಳಬೂದಿ, ಹಾರುಬೂದಿ, ಜಿಪ್ಸಂ, ತ್ಯಾಜ್ಯನೀರು, ಕೆಸರು ಮತ್ತು ಚಿಮಣಿಯ ಅನಿಲದ ಪಾದರಸವನ್ನು ಇನ್ನೊಂದು ಬದಿಗೂ ಗ್ರಾಮಿನಲ್ಲಿ ಬರೆಯಿರಿ. ಎರಡೂ ಬದಿ ಶೇ 80ರಿಂದ 120ರೊಳಗೆ ಹೊಂದಿದರೆ ಅಳತೆಗಳನ್ನು ನಂಬಬಹುದು. ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಲ್ಲಿದ್ದಲಿನ ಮಾದರಿಯನ್ನು, ಎರಡನೆಯದಾಗಿ ಹಾರುಬೂದಿಯನ್ನು, ಏಕೆಂದರೆ ಅದರ ಪ್ರಮಾಣ ಅಪಾರವಾಗಿದ್ದು ಅಂಕಿಯಲ್ಲಿನ ಸಣ್ಣ ತಪ್ಪೂ ದೊಡ್ಡ ತೂಕವಾಗಿ ಬೆಳೆಯುತ್ತದೆ. ಗೋಪುರದ ತೊಟ್ಟಿಯಲ್ಲಿರುವ ಸ್ಲರಿಯೂ ಒಂದು ದಾಸ್ತಾನು ಎಂಬುದನ್ನು ಮರೆಯಬೇಡಿ. ಪ್ರಯೋಗದ ಮೊದಲ ದಿನ ಮತ್ತು ಕೊನೆಯ ದಿನ ಅದರ ಮಟ್ಟವನ್ನೂ ಪಾದರಸವನ್ನೂ ಅಳೆದು ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಿರಿ.

ಆ ದಾಸ್ತಾನು ವಾರ್ಷಿಕ ರಿಪೇರಿಯ ಹೊತ್ತಿಗೂ ಮುಖ್ಯವಾಗುತ್ತದೆ. ಸ್ಲರಿಯನ್ನು ಪಕ್ಕದ ಶೇಖರಣಾ ತೊಟ್ಟಿಗೆ ವರ್ಗಾಯಿಸಿದ ಮೇಲೆ ಅಲ್ಲಿ ಕಲಕುವ ಯಂತ್ರ ಮಾತ್ರ ತಿರುಗುತ್ತಿರುತ್ತದೆ, ಗಾಳಿ ಊದುವುದಿಲ್ಲ. ದಿನಗಳುರುಳಿದಂತೆ ಓಆರ್‌ಪಿ ಇಳಿದು ತೊಟ್ಟಿಯ ಮೇಲಿನ ಖಾಲಿ ಜಾಗದಲ್ಲಿ ಪಾದರಸದ ಆವಿ ಸೇರಿಕೊಳ್ಳಬಹುದು. ಅದರ ಮುಚ್ಚಳ ತೆಗೆಯುವ ಮುನ್ನ, ಹಾಗೂ ಖಾಲಿಯಾದ ಗೋಪುರದ ತಳದ ಕೆಸರನ್ನು ಬಳಿಯಲು ಕೆಲಸಗಾರರನ್ನು ಇಳಿಸುವ ಮುನ್ನ, ಆಮ್ಲಜನಕ ಮತ್ತು ಹೈಡ್ರೊಜನ್ ಸಲ್ಫೈಡಿನ ಜೊತೆಗೆ ಪಾದರಸದ ಆವಿಯನ್ನೂ ಅಳೆದು ಪರ್ಮಿಟ್ಟಿನ ಮೇಲೆ ಬರೆಯಿರಿ. ಇಳಿಯುವವರು ಗುತ್ತಿಗೆಯವರಾದರೂ ಅವರಿಗೆ ಕೊಡುವ ಮುಖವಾಡದಲ್ಲಿ ಧೂಳಿನ ಫಿಲ್ಟರ್ ಸಾಲದು, ಪಾದರಸದ ಆವಿಗೆಂದೇ ತಯಾರಿಸಿದ ಕ್ಯಾನಿಸ್ಟರ್ ಇರಬೇಕು. ಬಳಿದು ತೆಗೆದ ಆ ಕೆಸರಿನಿಂದಲೂ ಒಂದು ಮಾದರಿಯನ್ನು ಎತ್ತಿಟ್ಟುಕೊಳ್ಳಿ, ವರ್ಷದ ಜಮಾಖರ್ಚಿನಲ್ಲಿ ಸಿಗದೆ ಹೋದ ಗ್ರಾಮುಗಳು ಎಷ್ಟೋ ಸಲ ಅಲ್ಲಿ ಸಿಗುತ್ತವೆ.